ಹಾಡಿದವರಿಗೆ ಸಿಕ್ಕಿದ್ದೆಷ್ಟು?

2020ರ ಮಾರ್ಚ್ ಕೊನೆಯ ವಾರ. ದೇಶಕ್ಕೆಲ್ಲ ಲಾಕ್‌ಡೌನ್ ಬಿದ್ದು ಜನ ಮನೆಯೊಳಗೆ ಕೂತಿದ್ದ ಹೊತ್ತಿನಲ್ಲೇ ಯೂಟ್ಯೂಬ್‌ಗೆ ‘ಗೇಂದಾ ಫೂಲ್’ ಎಂಬ ಹಾಡು ಬಂತು. ರ್‍ಯಾಪ್ ಗಾಯಕ ಬಾದ್‌ಷಾ ಅವರ ಹೆಸರು, ನಟಿ ಜಾಕ್ವೆಲಿನ್ ಫರ್ನಾಂಡಿಸ್ ಅವರ ಕುಣಿತ, ಸೋನಿ ಮ್ಯೂಸಿಕ್ ಕಂಪನಿಯ ಬಲ. ಕೆಲವೇ ದಿನಗಳಲ್ಲಿ ಕೋಟಿಗಟ್ಟಲೆ ಸಲ ಅದನ್ನು ನೋಡಿದ್ದಾಯಿತು. ಹಾಡಿನ ನಡುವೆ ಬರುವ ಬಂಗಾಳಿ ಸಾಲುಗಳೇ ಜನರ ನಾಲಿಗೆಗೆ ಅಂಟಿಕೊಂಡವು. ಆ ಸಾಲುಗಳನ್ನು ಕಟ್ಟಿದವರು ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ರತನ್ ಕಹಾರ್ ಎಂಬ ಜಾನಪದ ಗಾಯಕರು. 1970ರ ದಶಕದಲ್ಲಿ ಬರೆದ ಹಾಡದು. ಸ್ವಪ್ನಾ ಚಕ್ರವರ್ತಿ ಅವರ ಕಂಠದಲ್ಲಿ ರೆಕಾರ್ಡ್ ಆಗಿ ಬಂಗಾಳದ ಮನೆಮನೆಗೆ ತಲುಪಿತ್ತು. ಹೊಸ ವಿಡಿಯೊದಲ್ಲಿ ರತನ್ ಅವರ ಹೆಸರು ಎಲ್ಲೂ ಇರಲಿಲ್ಲ.

ಬಂಗಾಳದ ಜನ ಜಾಲತಾಣಗಳಲ್ಲಿ ದನಿ ಎತ್ತಿದ ಮೇಲೆ ಬಾದ್‌ಷಾ, ರತನ್ ಅವರಿಗೆ ಐದು ಲಕ್ಷ ರೂಪಾಯಿ ಕಳಿಸಿದರು. 2024ರಲ್ಲಿ ಕೇಂದ್ರ ಸರ್ಕಾರ ರತನ್ ಅವರಿಗೆ ಪದ್ಮಶ್ರೀ ಕೊಟ್ಟಿತು. ಎರಡೂ ಬರಬೇಕಾದದ್ದೇ, ಬಂದದ್ದು ಸಂತೋಷ. ಆದರೆ ಹಾಡಿಗೆ ಸಲ್ಲಬೇಕಾದ ಪಾಲು ಲೆಕ್ಕದ ಪ್ರಕಾರ, ತಾನಾಗಿ ಅವರ ಕೈ ಸೇರಲಿಲ್ಲ. ಜನ ಗದ್ದಲ ಮಾಡಿದ್ದರಿಂದ ಬಂತು. ಗದ್ದಲ ಮಾಡುವವರಿಲ್ಲದ ಹಾಡುಗಾರರ ಗತಿ ಏನು?

ಈ ಪ್ರಶ್ನೆಗೂ ರಾಯಚೂರು ಜಿಲ್ಲೆಗೂ ಹತ್ತಿರದ ನಂಟಿದೆ. ಸಿಂಧನೂರು ಸೀಮೆಯ ಆರ್.ಎಚ್. ಕ್ಯಾಂಪ್‌ಗಳಲ್ಲಿ ಮನೆಮಾತು ಬಂಗಾಳಿ. ಆಗಿನ ಪೂರ್ವ ಪಾಕಿಸ್ತಾನದಿಂದ ನೆಲೆ ಕಳೆದುಕೊಂಡು ಬಂದ ಕುಟುಂಬಗಳಿಗೆ ತುಂಗಭದ್ರಾ ಎಡದಂಡೆ ನಾಲೆಯ ಆಸುಪಾಸಿನಲ್ಲಿ ಸರ್ಕಾರ ಪುನರ್ವಸತಿ ಕಲ್ಪಿಸಿದ್ದರಿಂದ ಹುಟ್ಟಿಕೊಂಡ ಊರುಗಳು ಇವು. ಸಂಖ್ಯೆಯಿಂದಲೇ ಗುರುತಾಗುವ ಈ ಕ್ಯಾಂಪ್‌ಗಳಲ್ಲಿ ದುರ್ಗಾಪೂಜೆಯ ಪೆಂಡಾಲ್ ಏಳುತ್ತದೆ, ಹರಿನಾಮ ಕೀರ್ತನೆ ನಡೆಯುತ್ತದೆ, ಮಕ್ಕಳು ಶಾಲೆಯಲ್ಲಿ ಕನ್ನಡ ಓದುತ್ತಾರೆ. ಸುತ್ತಲಿನ ಸೀಮೆಯ ಹಾಡಿನ ಸಂಪತ್ತೂ ಸಣ್ಣದಲ್ಲ. ಸೋಮಲಾಪುರದ ಅಂಬಾಮಠದಲ್ಲಿ ಬನದ ಹುಣ್ಣಿಮೆಯ ಜಾತ್ರೆ, ಅಲ್ಲಿನ ಚಿದಾನಂದಾವಧೂತರು ಬರೆದ ದೇವಿ ಪುರಾಣದ ಪಾರಾಯಣ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಹಿಂದೂ–ಮುಸ್ಲಿಮರು ಕೂಡಿ ನಡೆಸುವ ಮೊಹರಂ, ಅದರ ರಿವಾಯತ್ ಪದ, ಹೆಜ್ಜೆ ಮೇಳ. ಊರೂರಲ್ಲಿ ಏಕತಾರಿ, ದಮ್ಮಡಿಯ ಜೊತೆ ರಾತ್ರಿಯಿಡೀ ನಡೆಯುವ ತತ್ವಪದ, ಭಜನೆ. ಇಷ್ಟೆಲ್ಲ ಈಗ ಮೊಬೈಲಿನಲ್ಲಿ ಸಿಗುತ್ತದೆ. ಹಾಡುವವರ ಹೊಟ್ಟೆಗೆ ಇದರಿಂದ ಏನು ಬಂತು ಎಂಬುದನ್ನು ಕೂತು ಲೆಕ್ಕ ಹಾಕಿದವರು ಕಡಿಮೆ.

ಹಾಡನ್ನು ಯಂತ್ರಕ್ಕೆ ಹಿಡಿಸಿ ಮಾರುವ ವ್ಯಾಪಾರ ಭಾರತದಲ್ಲಿ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮೊಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್ ದೇಶದ ಮೊದಲ ರೆಕಾರ್ಡಿಂಗ್ ತಾರೆ. ಹಲವು ಭಾಷೆಗಳಲ್ಲಿ ನೂರಾರು ತಟ್ಟೆಗಳು ಅವರ ಹೆಸರಿನಲ್ಲಿ ಬಂದವು. ಅವರ ಕೊನೆಗಾಲ ಕಳೆದದ್ದು ಮಾತ್ರ ನಮ್ಮ ಮೈಸೂರಿನಲ್ಲಿ. 1928ರಲ್ಲಿ ಅರಮನೆ ಆಶ್ರಯ ಕೊಟ್ಟಿತು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ತಟ್ಟೆಗಳು ಮಾರಾಟವಾಗುತ್ತಲೇ ಇದ್ದ ಕಾಲದಲ್ಲೂ ಅವರನ್ನು ಕೊನೆಗೆ ಕಾದದ್ದು ರಾಜಾಶ್ರಯ. ರೆಕಾರ್ಡಿಂಗಿಗೆ ಕೊಡುತ್ತಿದ್ದುದು ಒಂದು ಸಲದ ಸಂಭಾವನೆ. ಆಮೇಲಿನ ಲಾಭ ಕಂಪನಿಯದು.

ಕ್ಯಾಸೆಟ್ ಕಾಲದಲ್ಲೂ ಈ ಪದ್ಧತಿ ಬದಲಾಗಲಿಲ್ಲ. ಕ್ಯಾಸೆಟ್ಟಿನಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು, ಅದನ್ನು ಮರೆಯಬಾರದು. ಭಾವಗೀತೆ ಮನೆಮನೆಗೆ ಹೋಯಿತು, ಶಿಶುನಾಳ ಶರೀಫರ ಪದಗಳು ಸಿ. ಅಶ್ವತ್ಥ್ ಅವರ ಕಂಠದಲ್ಲಿ ನಾಡೆಲ್ಲ ಕೇಳಿಸಿದವು, ಉತ್ತರ ಕರ್ನಾಟಕದ ನಾಟಕದ ಹಾಡು, ಭಜನಾ ಪದ, ಡೊಳ್ಳಿನ ಪದಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದವು. ಆದರೆ ಹಳ್ಳಿಯ ಹಾಡುಗಾರನಿಗೆ ಸ್ಟುಡಿಯೊಗೆ ಹೋಗಿ ಹಾಡಿ ಬಂದ ದಿನದ ದುಡ್ಡು ಬಿಟ್ಟರೆ ಮುಂದಿನದು ಕನಸೇ. ಎಷ್ಟೋ ಜನ ಸಹಿ ಹಾಕಿದ ಕಾಗದದಲ್ಲಿ ಏನಿತ್ತೆಂದು ಓದಿಯೂ ಇರಲಿಲ್ಲ.

ನಂತರ ಬಂದದ್ದು ಮೆಮೊರಿ ಕಾರ್ಡ್ ಮತ್ತು ಪೆನ್‌ಡ್ರೈವ್. ಮೊಬೈಲ್ ಅಂಗಡಿಯವನು ಇಪ್ಪತ್ತು–ಮೂವತ್ತು ರೂಪಾಯಿಗೆ ನೂರಾರು ಹಾಡು ತುಂಬಿಕೊಡುತ್ತಿದ್ದ. ಗದ್ದೆ ಹೊಡೆಯುವ ಟ್ರ್ಯಾಕ್ಟರಿನಲ್ಲಿ, ಭತ್ತ ಸಾಗಿಸುವ ಲಾರಿಯಲ್ಲಿ ಇಂದಿಗೂ ಅದೇ ಪೆನ್‌ಡ್ರೈವ್ ಹಾಡುತ್ತದೆ. ಆ ಹಾಡಿನಿಂದ ಹಾಡಿದವನಿಗೆ ಒಂದು ಪೈಸೆಯೂ ಹೋಗುವುದಿಲ್ಲ. ಇಂಟರ್ನೆಟ್ಟಿನಲ್ಲೇ ಹಾಡು ಕೇಳಿಸುವ ಸ್ಟ್ರೀಮಿಂಗ್ ಬಂದು ಕಲಾವಿದರ ಆದಾಯ ಕಿತ್ತುಕೊಂಡಿತು ಎಂದು ಬೆಂಗಳೂರಿನ ಬ್ಯಾಂಡಿನವರು ಹೇಳಿದರೆ ಅದರಲ್ಲಿ ಅರ್ಥವಿದೆ, ಅವರಿಗೆ ಸಿ.ಡಿ. ಮಾರಾಟದ ಆದಾಯ ಇತ್ತು. ಸಿಂಧನೂರಿನ ಭಜನಾ ಗಾಯಕನಿಗೆ ಕಿತ್ತುಕೊಳ್ಳುವಂಥ ಆದಾಯವೇ ಇರಲಿಲ್ಲ. ಆತನಿಗೆ ಇದು ಮೊದಲ ಬಾರಿಗೆ ತೆರೆದ ಬಾಗಿಲು. ಎಷ್ಟು ತೆರೆದಿದೆ ಎಂಬುದೇ ಈಗಿನ ಮಾತು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಗಾನಾ, ಸಾವನ್, ವಿಂಕ್ ಆ್ಯಪ್‌ಗಳು ಆಗಲೇ ಇದ್ದವು. 2019ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಸ್ಪಾಟಿಫೈ ಭಾರತಕ್ಕೆ ಕಾಲಿಟ್ಟಿತು. ಅಮೆರಿಕದಲ್ಲಿ ಆಗ ತಿಂಗಳಿಗೆ ಸುಮಾರು 10 ಡಾಲರ್ ಇದ್ದ ಚಂದಾ ಇಲ್ಲಿ 119 ರೂಪಾಯಿ ಇತ್ತು. ಆ ಬೆಲೆಗೂ ಇಲ್ಲಿ ಗಿರಾಕಿಗಳು ಕಡಿಮೆ ಇದ್ದರು. ಆ್ಯಪ್‌ಗಳಲ್ಲಿ ಹಾಡು ಕೇಳುವ ಭಾರತೀಯರು 18 ಕೋಟಿಗೂ ಹೆಚ್ಚಿದ್ದರೆ, 2023ರಲ್ಲಿ ದುಡ್ಡು ಕೊಟ್ಟು ಕೇಳುತ್ತಿದ್ದವರು ಒಂದು ಕೋಟಿಯನ್ನೂ ಮುಟ್ಟಿರಲಿಲ್ಲ. ಉಳಿದವರದು ಜಾಹೀರಾತಿನ ನಡುವಿನ ಪುಕ್ಕಟೆ ಕೇಳುವಿಕೆ. ಅಮೆರಿಕದವನೊಬ್ಬ ಒಂದು ಹಾಡು ಕೇಳಿದಾಗ ಹುಟ್ಟುವ ಹಣಕ್ಕೂ ಮಸ್ಕಿಯವನೊಬ್ಬ ಕೇಳಿದಾಗ ಹುಟ್ಟುವ ಹಣಕ್ಕೂ ಅಜಗಜಾಂತರ ಇರುವುದು ಇದರಿಂದಲೇ. ಕನ್ನಡದಲ್ಲಿ ಮಾತ್ರ ಹಾಡುವವರ ಕೇಳುಗರೆಲ್ಲ ಬಹುತೇಕ ಈ ಅಗ್ಗದ ಮಾರುಕಟ್ಟೆಯಲ್ಲೇ ಇದ್ದಾರೆ.

ಹಂಚಿಕೆ ಹೇಗೆ ಎಂಬುದನ್ನು ತಿಳಿಯದೆ ಈ ವಿಷಯ ಅರ್ಥವಾಗುವುದಿಲ್ಲ. ಒಂದು ಸಲ ಹಾಡು ಕೇಳಿದರೆ ಇಂತಿಷ್ಟು ಎಂಬ ನಿಗದಿತ ದರ ಸ್ಪಾಟಿಫೈನಂಥ ಕಂಪನಿಗಳಲ್ಲಿ ಇಲ್ಲ. ತಿಂಗಳ ಚಂದಾ, ಜಾಹೀರಾತಿನ ಹಣ ಎಲ್ಲ ಒಂದೆಡೆ ಸೇರುತ್ತದೆ. ಮೂರರಲ್ಲಿ ಎರಡು ಪಾಲಿನಷ್ಟು ಹಕ್ಕುದಾರರಿಗೆಂದು ತೆಗೆದಿಡುತ್ತಾರೆ. ಆ ತಿಂಗಳು ಒಟ್ಟು ಎಷ್ಟು ಸಲ ಹಾಡುಗಳು ಓಡಿದವೋ ಅದರಲ್ಲಿ ಯಾರ ಹಾಡು ಎಷ್ಟು ಓಡಿತೆಂದು ನೋಡಿ ಆ ಪ್ರಮಾಣದಲ್ಲಿ ಹಂಚುತ್ತಾರೆ. ಎಡದಂಡೆ ನಾಲೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲೆ ತುಂಬಿ ಹರಿದರೂ ಮೇಲ್ಭಾಗದ ಗದ್ದೆಗಳು ಕುಡಿದು ಮಿಕ್ಕಿದ್ದೇ ಕೆಳಗಿನವರ ಪಾಲು. ನಾಲೆಯಲ್ಲಿ ಅಕ್ರಮವಾಗಿ ನೀರೆತ್ತಿದರೆ ತಡೆಯಲು ಕಾನೂನಾದರೂ ಇದೆ. ಇಲ್ಲಿ ಹಂಚಿಕೆಯ ನಿಯಮವೇ ಹಾಗಿದೆ.

ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ. ಸಿಂಧನೂರಿನ ಒಬ್ಬರು 119 ರೂಪಾಯಿ ಕಟ್ಟಿ ತಿಂಗಳಿಡೀ ಒಬ್ಬರೇ ತತ್ವಪದಕಾರರ ಹಾಡನ್ನು 100 ಸಲ ಕೇಳಿದರು. ಆ ತಿಂಗಳು ಹಂಚಿಕೆಗೆ ಇದ್ದದ್ದು 100 ಕೋಟಿ ರೂಪಾಯಿ, ದೇಶದಲ್ಲಿ ಹಾಡುಗಳು ಓಡಿದ್ದು 1,000 ಕೋಟಿ ಸಲ ಎಂದಾದರೆ ಒಂದು ಸಲಕ್ಕೆ ಬೀಳುವುದು 10 ಪೈಸೆ. ತತ್ವಪದಕಾರರ ಪಾಲಿಗೆ 10 ರೂಪಾಯಿ. ಕೇಳುಗರು ಕಟ್ಟಿದ ಹಣದಲ್ಲಿ ಹಕ್ಕುದಾರರಿಗೆ ಹೋಗುವ ಸುಮಾರು 80 ರೂಪಾಯಿಯಲ್ಲಿ ಉಳಿದ 70 ರೂಪಾಯಿ, ಅವರು ಒಂದು ಸಲವೂ ಕೇಳದ ಸಿನಿಮಾ ಹಾಡುಗಳ ಕಂಪನಿಗೆ ಹೋಯಿತು. ಕೇಳುಗರ ಹಣ ಅವರು ಕೇಳಿದವರಿಗೇ ಹೋಗಲಿ ಎಂಬ ಬೇಡಿಕೆ ಹಲವು ವರ್ಷಗಳದು. ಸೌಂಡ್‌ಕ್ಲೌಡ್ ಎಂಬ ಆ್ಯಪ್ 2021ರಲ್ಲಿ ಆ ಪದ್ಧತಿಯನ್ನು ಜಾರಿಗೆ ತಂದಿತು. ಅದೇ ವರ್ಷ ಬ್ರಿಟನ್ ಸಂಸತ್ತಿನ ಸಮಿತಿಯೊಂದು ಸ್ಟ್ರೀಮಿಂಗ್ ಹಣದ ವ್ಯವಸ್ಥೆಯನ್ನು ಬುಡದಿಂದ ಸರಿಪಡಿಸಬೇಕೆಂದು ವರದಿ ಕೊಟ್ಟಿತು. ದೊಡ್ಡ ಆ್ಯಪ್‌ಗಳು ಹಳೆಯ ದಾರಿಯನ್ನು ಬಿಟ್ಟಿಲ್ಲ.

ಬದಲಿಗೆ ಹೊಸದೊಂದು ತಡೆಗೋಡೆ ಎದ್ದಿತು. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಓಡದ ಹಾಡಿಗೆ ರಾಯಧನ ಇಲ್ಲ ಎಂಬ ನಿಯಮವನ್ನು ಸ್ಪಾಟಿಫೈ 2024ರಿಂದ ಜಾರಿ ಮಾಡಿತು. ಇಂಥ ಹಾಡುಗಳಿಗೆ ಹೋಗುತ್ತಿದ್ದುದು ಚಿಲ್ಲರೆ ಕಾಸು, ಅದು ಕಲಾವಿದರ ಕೈಗೂ ತಲುಪುತ್ತಿರಲಿಲ್ಲ ಎಂಬುದು ಕಂಪನಿಯ ವಾದ. ಲುಮಿನೇಟ್ ಎಂಬ ಅಂಕಿಅಂಶ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನ ಆ್ಯಪ್‌ಗಳಲ್ಲಿ 18.4 ಕೋಟಿ ಹಾಡುಗಳಿದ್ದವು. ಅವುಗಳಲ್ಲಿ 15.8 ಕೋಟಿಗೂ ಹೆಚ್ಚು ಹಾಡುಗಳು ಇಡೀ ವರ್ಷದಲ್ಲಿ ಸಾವಿರ ಸಲ ದಾಟಲಿಲ್ಲ. 4.5 ಕೋಟಿ ಹಾಡುಗಳನ್ನು ಒಬ್ಬರೂ ಕೇಳಲಿಲ್ಲ. ಒಂದೊಂದು ಹಾಡಿನ ಕಾಸು ಚಿಲ್ಲರೆಯೇ ಇರಬಹುದು. ಇಷ್ಟು ಕೋಟಿ ಹಾಡುಗಳ ಚಿಲ್ಲರೆ ಸೇರಿದರೆ ಆಗುವ ಮೊತ್ತ ಹೋಗುವುದು ಆಗಲೇ ಓಡುತ್ತಿರುವ ಹಾಡುಗಳಿಗೆ. ಇದು ಸರಿಯಾದ ನಿಯಮವಲ್ಲ. ರಿವಾಯತ್ ಪದವೊಂದಕ್ಕೆ ಮೊಹರಂ ಹತ್ತು ದಿನ ಬಿಟ್ಟರೆ ಕೇಳುಗರು ವಿರಳ. ಅಂಥ ಹಾಡಿಗೆ ಸಾವಿರದ ಗೆರೆ ದಾಟುವುದು ಕಷ್ಟ.

ಇನ್ನು ಆ್ಯಪ್‌ಗಳಿಗೆ ಹಾಡು ಹಾಕುವುದೂ ನೇರ ಕೆಲಸವಲ್ಲ. ಡಿಸ್ಟ್ರೊಕಿಡ್, ಟ್ಯೂನ್‌ಕೋರ್‌ನಂಥ ವಿತರಕರ ಮೂಲಕ ಹೋಗಬೇಕು. ಅವರು ವರ್ಷಕ್ಕೆ ಶುಲ್ಕವನ್ನೋ ಆದಾಯದಲ್ಲಿ ಪಾಲನ್ನೋ ಕೇಳುತ್ತಾರೆ. ಕೆಲವರ ಶುಲ್ಕ ನಿಂತರೆ ಹಾಡೂ ಆ್ಯಪ್‌ನಿಂದ ಇಳಿಯುತ್ತದೆ.

ಹೀಗಾಗಿ ಕಲ್ಯಾಣ ಕರ್ನಾಟಕದ ಹಳ್ಳಿಗಳ ಹಾಡುಗಾರರಿಗೆ ಸ್ಟ್ರೀಮಿಂಗ್ ಎಂದರೆ ಬಹುಮಟ್ಟಿಗೆ ಯೂಟ್ಯೂಬ್. ಅಲ್ಲಿ ಖಾತೆ ಪುಕ್ಕಟೆ, ಕೇಳುಗರಿಗೂ ಪುಕ್ಕಟೆ. 1,000 ಸಬ್‌ಸ್ಕ್ರೈಬರ್ ಮತ್ತು ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆದರೆ ಜಾಹೀರಾತಿನ ಹಣದಲ್ಲಿ ಶೇ 55 ಚಾನೆಲ್ ಇಟ್ಟುಕೊಂಡವರಿಗೆ. ಖಾತೆಯಲ್ಲಿ 10 ಡಾಲರ್ ಸೇರಿದ ಮೇಲೆ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ನಂಬರಿನ ಪತ್ರ ಬರುತ್ತದೆ, 100 ಡಾಲರ್ ತುಂಬಿದ ಮೇಲೆಯೇ ಬ್ಯಾಂಕಿಗೆ ಹಣ ಜಮೆ. ಇಷ್ಟನ್ನು ನಿಭಾಯಿಸಬಲ್ಲ ಹುಡುಗನೊಬ್ಬ ಮನೆಯಲ್ಲೋ ಮೇಳದಲ್ಲೋ ಇದ್ದರೆ ಚಾನೆಲ್ ಗಾಯಕನ ಹೆಸರಿನಲ್ಲಿರುತ್ತದೆ. ಇಲ್ಲದಿದ್ದರೆ ವಿಡಿಯೊ ಮಾಡಿದವನ ಹೆಸರಿನಲ್ಲಿ. ಯಾರ ಚಾನೆಲ್ಲೋ ಅವರಿಗೆ ಹಣ. ಜಾತ್ರೆಯ ವೇದಿಕೆಯ ಮುಂದೆ ಮೊಬೈಲ್ ಹಿಡಿದು ನಿಂತು ಚಿತ್ರೀಕರಿಸಿಕೊಂಡವನು ಅದೇ ರಾತ್ರಿ ಹಾಡನ್ನು ಏರಿಸಿಬಿಟ್ಟರೆ, ಹಾಡಿದವರು ಊರು ಮುಟ್ಟುವಷ್ಟರಲ್ಲಿ ವ್ಯೂಸ್ ಅವನದಾಗಿರುತ್ತದೆ. ಡಿಜೆ ರೀಮಿಕ್ಸ್ ಮಾಡುವವರದು ಇನ್ನೊಂದು ಕಾಟ. ಮೂಲ ಹಾಡಿಗಿಂತ ರೀಮಿಕ್ಸೇ ಹೆಚ್ಚು ಓಡುವುದೂ ಉಂಟು.

ಇಷ್ಟಾದರೂ ಉತ್ತರ ಕರ್ನಾಟಕದ ಜಾನಪದ ಗಾಯಕರು ಯೂಟ್ಯೂಬನ್ನು ಬಳಸಿಕೊಂಡ ಬಗೆ ಮೆಚ್ಚುವಂಥದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಸಣ್ಣ ಸ್ಟುಡಿಯೊಗಳಲ್ಲಿ ತಯಾರಾದ ಹಾಡುಗಳು ಸಿನಿಮಾ ಹಾಡುಗಳಿಗೆ ಸರಿಸಾಟಿಯಾಗಿ ಓಡಿದವು. ಹಾಡಿನ ಶುರುವಿನಲ್ಲೇ ಸಾಹಿತ್ಯ ಯಾರದು, ಗಾಯನ ಯಾರದು, ಸ್ಟುಡಿಯೊ ಯಾವುದು ಎಂದು ಕೂಗಿ ಹೇಳುವ, ಫೋನ್ ನಂಬರನ್ನೂ ಕೊಡುವ ರೂಢಿ ಅಲ್ಲಿದೆ. ಪೇಟೆಯವರು ಅದನ್ನು ಒರಟು ಎಂದುಕೊಳ್ಳಬಹುದು. ಹೆಸರನ್ನು ಹಾಡಿನೊಳಗೇ ಹೊಲಿದುಬಿಟ್ಟರೆ ಕದ್ದವನೂ ಆ ಹೆಸರನ್ನು ಹೊತ್ತುಕೊಂಡೇ ತಿರುಗಬೇಕಾಗುತ್ತದೆ. ‘ನಾ ಡ್ರೈವರ’ ಹಾಡಿನಿಂದ ಮನೆಮಾತಾದ ಮಾಳು ನಿಪನಾಳ 2025ರಲ್ಲಿ ಕನ್ನಡ ಬಿಗ್ ಬಾಸ್ ಮನೆಗೆ ಹೋದರು. ಬೆಂಗಳೂರಿನಲ್ಲಿ ಕನ್ನಡ ರ್‍ಯಾಪ್ ಹಾಡುವ ಆಲ್ ಓಕೆ ಸ್ವಂತ ಚಾನೆಲ್ ಕಟ್ಟಿಕೊಂಡೇ ಬೆಳೆದವರು.

ಇವರೆಲ್ಲರ ಜೀವನ ನಡೆಯುವುದು ಮಾತ್ರ ವ್ಯೂಸ್‌ನಿಂದಲೇ ಅಲ್ಲ, ವ್ಯೂಸ್ ತಂದುಕೊಡುವ ಕಾರ್ಯಕ್ರಮದಿಂದ. ಹಾಡು ಓಡಿದರೆ ಜಾತ್ರೆಯ ರಸಮಂಜರಿಗೆ ಕರೆ ಬರುತ್ತದೆ, ಸಂಭಾವನೆ ಏರುತ್ತದೆ. ಯೂಟ್ಯೂಬ್ ಅವರ ಪಾಲಿಗೆ ಪೋಸ್ಟರ್ ಅಂಟಿಸುವ ಗೋಡೆ. 2020ರಲ್ಲಿ ಜಾತ್ರೆಗಳೆಲ್ಲ ನಿಂತಾಗ ಈ ಸತ್ಯ ಎಲ್ಲರಿಗೂ ಅರಿವಾಯಿತು: ಮನೆಯಲ್ಲಿ ಕೂತ ಜನ ಹಾಡು ಕೇಳುತ್ತಲೇ ಇದ್ದರು, ವೇದಿಕೆ ಇಲ್ಲದ ಕಲಾವಿದರು ರೇಷನ್ ಕಿಟ್‌ಗೆ ಸಾಲು ನಿಂತಿದ್ದರು. ವೇದಿಕೆಯ ದುಡ್ಡಿಗೆ ವಯಸ್ಸಿನ ಮಿತಿಯೂ ಇದೆ. ಇಪ್ಪತ್ತೈದರ ಗಾಯಕ ರಾತ್ರಿಯಿಡೀ ಹಾಡಿ ಬೆಳಿಗ್ಗೆ ಮುಂದಿನ ಊರಿಗೆ ಹೊರಡಬಲ್ಲ. ಎಪ್ಪತ್ತರ ಭಜನಾ ಗಾಯಕರಿಗೆ ಅದಾಗದು. ಅವರಿಗೆ ಬೇಕಾದದ್ದು ಮನೆಗೇ ಬರುವ ರಾಯಧನ. ಅದು ಬರಬೇಕಾದರೆ ಹಾಡಿನ ಹಕ್ಕು ಅವರ ಹೆಸರಿನಲ್ಲಿರಬೇಕು.

ಹಕ್ಕು ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮತ್ತೊಂದು ಬಂಗಾಳಿ ಹಾಡೇ ಸಾಕ್ಷಿ. ಕಡಲೆಕಾಯಿ ಮಾರುತ್ತ ತಾನೇ ಕಟ್ಟಿದ ‘ಕಾಚಾ ಬಾದಾಮ್’ ಹಾಡಿನಿಂದ ಭುವನ್ ಬಾದ್ಯಕರ್ 2022ರ ಹೊತ್ತಿಗೆ ಜಗತ್ತಿಗೆಲ್ಲ ಪರಿಚಿತರಾದರು. ರತನ್ ಕಹಾರರದೇ ಬೀರಭೂಮ್ ಜಿಲ್ಲೆಯವರು. ದೇಶ ವಿದೇಶಗಳಲ್ಲಿ ಲಕ್ಷಾಂತರ ಜನ ಅದಕ್ಕೆ ಕುಣಿದು ರೀಲ್ಸ್ ಮಾಡಿದರು. 2023ರಲ್ಲಿ ಭುವನ್ ಪತ್ರಿಕೆಗಳ ಮುಂದೆ ದುಃಖ ತೋಡಿಕೊಂಡರು: ಹಾಡಿನ ಹಕ್ಕು ಬೇರೆಯವರ ಪಾಲಾಗಿದೆ, ತಾವೇ ಹಾಡಿ ಹಾಕಿದರೂ ಕಾಪಿರೈಟ್ ತಕರಾರು ಬರುತ್ತಿದೆ, ಹಾಡಲಾಗುತ್ತಿಲ್ಲ.

ನಮ್ಮ ಭಾಗದ ಹಾಡುಗಾರರಿಗೂ ಈ ತಕರಾರು ದೂರದ್ದಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ, ವಿಜಯದಾಸರ ಸುಳಾದಿ, ಶರಣರ ವಚನ ಯಾರೊಬ್ಬರ ಆಸ್ತಿಯೂ ಅಲ್ಲ. ಆದರೆ ಒಂದು ಕಂಪನಿ ಅವನ್ನು ಹಾಡಿಸಿ ರೆಕಾರ್ಡ್ ಮಾಡಿದರೆ ಆ ರೆಕಾರ್ಡಿನ ಮೇಲೆ ಅದಕ್ಕೆ 60 ವರ್ಷ ಹಕ್ಕಿರುತ್ತದೆ. ಯೂಟ್ಯೂಬಿನ ಯಂತ್ರ ಧ್ವನಿ ಹೋಲಿಸಿ ನೋಡುತ್ತದೆ. ಒಂದೇ ಧಾಟಿಯಲ್ಲಿ ಹಾಡಿದ ಇಬ್ಬರ ಹಾಡುಗಳು ಅದಕ್ಕೆ ಒಂದೇ ಎನಿಸಬಹುದು. ಆಗ ತಲೆಮಾರುಗಳಿಂದ ಆ ಪದ ಹಾಡಿಕೊಂಡು ಬಂದ ಮನೆಯವರಿಗೇ ನೋಟಿಸ್. ಜಾಹೀರಾತಿನ ಹಣ ಕಂಪನಿಯ ಕಡೆ ತಿರುಗುತ್ತದೆ. ಇದನ್ನು ಪ್ರಶ್ನಿಸಲು ಅವಕಾಶವಿದೆ. ಆಕ್ಷೇಪ ಸಲ್ಲಿಸಿದರೆ ಎದುರಿನವರು 30 ದಿನದೊಳಗೆ ಉತ್ತರಿಸಬೇಕು, ಇಲ್ಲದಿದ್ದರೆ ಅವರ ಹಕ್ಕುಕೋರಿಕೆ ಬಿದ್ದುಹೋಗುತ್ತದೆ. ಕಾಪಿರೈಟ್ ಸ್ಟ್ರೈಕ್ ಬೇರೆ, ಅದು ಗಂಭೀರ: 90 ದಿನಗಳಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ನೋಟಿಸ್ ಇಂಗ್ಲಿಷಿನಲ್ಲಿ ಬಂದಿತೆಂದು ಹೆದರಿ ಹಾಡನ್ನೇ ಅಳಿಸಿಹಾಕುವವರಿದ್ದಾರೆ. ಹಾಗೆ ಮಾಡಬೇಕಿಲ್ಲ.

ಭಾರತದ ಕಾನೂನು ಈ ವಿಷಯದಲ್ಲಿ ಬಡ ಕಲಾವಿದರ ಪರವಾಗಿಯೇ ಇದೆ, ಜನರಿಗೆ ತಲುಪಿಲ್ಲ ಅಷ್ಟೆ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಹಾಡು ಬರೆದವರು ಮತ್ತು ರಾಗ ಹಾಕಿದವರು ಹಕ್ಕನ್ನು ಮಾರಿದರೂ ರಾಯಧನದಲ್ಲಿ ಸಮಪಾಲು ಅವರದೇ. ಬಿಟ್ಟುಕೊಡುತ್ತೇನೆ ಎಂದು ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕಿದೆ. ಹಕ್ಕಿನ ವರ್ಗಾವಣೆ ಬಾಯಿಮಾತಿನಲ್ಲಿ ನಡೆಯದು, ಬರವಣಿಗೆ ಮತ್ತು ಸಹಿ ಬೇಕು. ಎಷ್ಟು ವರ್ಷಕ್ಕೆ ಎಂದು ಕಾಗದದಲ್ಲಿ ಬರೆದಿಲ್ಲವಾದರೆ ಐದೇ ವರ್ಷ. ಎಲ್ಲೆಲ್ಲಿಗೆ ಎಂದು ಬರೆದಿಲ್ಲವಾದರೆ ಭಾರತಕ್ಕೆ ಮಾತ್ರ. ಬರೆದವರ ಹೆಸರು ಹೇಳಬೇಕೆಂಬ ಹಕ್ಕಂತೂ ಹಾಡನ್ನು ಮಾರಿದ ಮೇಲೂ ಹೋಗುವುದಿಲ್ಲ. ಸಾಹಿತಿಗಳು, ಸಂಗೀತ ಸಂಯೋಜಕರ ರಾಯಧನ ವಸೂಲಿಗೆ 1969ರಿಂದ ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ, ಗಾಯಕರ ರಾಯಧನಕ್ಕೆ ಇಸ್ರಾ ಎಂಬ ಹೆಸರಿನಲ್ಲಿ ಶುರುವಾದ ಸಂಘವಿದೆ. ಎರಡರ ಸದಸ್ಯರಾದವರು ಸಿನಿಮಾ ಲೋಕದವರೇ ಹೆಚ್ಚು. ಹಳೆಯ ಧಾಟಿಗೆ ಹೊಸ ಪದ ಕಟ್ಟುವ ಹಳ್ಳಿಯ ಕವಿಯೂ ಆ ಪದಗಳ ಮಟ್ಟಿಗೆ ಹಕ್ಕುದಾರನೇ.

ಆರ್.ಎಚ್. ಕ್ಯಾಂಪ್‌ನ ಕೀರ್ತನೆಯೊಂದನ್ನು ಸರಿಯಾಗಿ ರೆಕಾರ್ಡ್ ಮಾಡಿ, ಹಾಡಿದವರ ಹೆಸರಿನ ಚಾನೆಲ್ಲಿನಲ್ಲೇ ಹಾಕಿದರೆ ಅದಕ್ಕೆ ಕೇಳುಗರು ಕ್ಯಾಂಪಿನಲ್ಲಷ್ಟೇ ಇರುವುದಿಲ್ಲ. ಇವರಂತೆಯೇ ನೆಲೆ ಕಳೆದುಕೊಂಡು ದಂಡಕಾರಣ್ಯದಲ್ಲಿ, ಅಂಡಮಾನಿನಲ್ಲಿ ಬೇರುಬಿಟ್ಟ ಬಂಗಾಳಿ ಕುಟುಂಬಗಳಿವೆ, ಇಡೀ ಬಂಗಾಳವಿದೆ. ಗ್ರಾಮೊಫೋನ್ ಕಂಪನಿಗೂ ಕ್ಯಾಸೆಟ್ಟಿಗೂ ಬೇಡವಾಗಿದ್ದ ಹಾಡನ್ನು ಅಷ್ಟು ದೂರ ಮುಟ್ಟಿಸುವ ಶಕ್ತಿ ಈ ವ್ಯವಸ್ಥೆಗಿದೆ, ಆದ್ದರಿಂದ ಇದನ್ನು ದೂರವಿಡುವುದು ಜಾಣತನವಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಲಾವಿದರಿಗೆ ಮಾಸಾಶನ ಕೊಡುತ್ತದೆ, ಜಾನಪದ ಅಕಾಡೆಮಿ ಪ್ರಶಸ್ತಿ ಕೊಡುತ್ತದೆ. ಅವುಗಳ ಜೊತೆಗೆ ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ತಾಲ್ಲೂಕು ಕೇಂದ್ರಗಳಲ್ಲಿ ವರ್ಷಕ್ಕೊಂದು ಶಿಬಿರ ನಡೆಸಲಿ. ಒಬ್ಬ ವಕೀಲರು, ಒಬ್ಬ ರೆಕಾರ್ಡಿಂಗ್ ಬಲ್ಲವರು, ಐಪಿಆರ್‌ಎಸ್‌ನ ಒಬ್ಬ ಪ್ರತಿನಿಧಿ ಕೂತು ಕಲಾವಿದರ ಕಾಗದ ಪತ್ರ ನೋಡಿ, ಚಾನೆಲ್ ಅವರ ಹೆಸರಿಗೆ ಮಾಡಿಸಿ, ಹಕ್ಕು ನೋಂದಾಯಿಸಿಕೊಟ್ಟರೆ ಸಾಕು. ಓದುಗರ ಕೈಯಲ್ಲೂ ಒಂದು ಕೆಲಸವಿದೆ. ಮೆಚ್ಚಿದ ಗಾಯಕರ ಹಾಡನ್ನು ಅವರದೇ ಚಾನೆಲ್ ಹುಡುಕಿ ಕೇಳಿ, ನಿಮ್ಮೂರ ಜಾತ್ರೆಗೋ ದುರ್ಗಾಪೂಜೆಗೋ ಕರೆಸಿ, ಒಪ್ಪಿದ ಸಂಭಾವನೆಯನ್ನು ಅದೇ ರಾತ್ರಿ ಪೂರ್ತಿ ಕೊಟ್ಟು ಕಳಿಸಿ.